ಪಿಚ್ ಇದ್ದ ಜಾಗದಲ್ಲಿ ಗಾಳ: ಶಿಡ್ಲಘಟ್ಟದ ಕಡೆ ನಾಲ್ಕು ದಿನ

ಮೊದಲ ದಿನ, ಶನಿವಾರ

ದಸರಾ ರಜೆಗೆ ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಮಗಳು ಹಿಂದೆ ಮುಂದೆ ನೋಡದೆ "ಮೀನು ಹಿಡಿಯೋಕೆ" ಅಂದಳು. ಅವಳಿಗೀಗ 10 ವರ್ಷ. ಈ ಆಸೆ ಹಚ್ಚಿದ್ದು ನನ್ನ ಸೋದರಮಾವ. ನಮ್ಮನೆಗೆ ಬಂದಾಗಲೆಲ್ಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ಕೆರೆಯ ಫೋಟೊ ತೋರಿಸುತ್ತಾರೆ. ಬೇರೆಯವರು ಮೊಮ್ಮಕ್ಕಳ ಫೋಟೊ ತೋರಿಸುವ ಹಾಗೆ.

ಅಮ್ಮನ ತವರು ಶಿಡ್ಲಘಟ್ಟದಿಂದ 8 ಕಿಲೋಮೀಟರ್ ಒಳಗೆ. ಬಸ್ಸಿಗೆ ಹೋದರೆ ಬೇಗ ಸೇರಬಹುದು. ಆದರೂ ಯಲಹಂಕದಲ್ಲಿ ರೈಲು ಹತ್ತಿದೆವು. ಈ ದಾರಿಯಲ್ಲಿ ಮೊದಲು ನ್ಯಾರೋಗೇಜ್ ರೈಲು ಓಡುತ್ತಿತ್ತು. ಚಿಕ್ಕಬಳ್ಳಾಪುರದಿಂದ ಕೋಲಾರದ ತನಕ ಬ್ರಾಡ್‌ಗೇಜ್ ಆಗಿ ಮತ್ತೆ ರೈಲು ಶುರುವಾಗಿದ್ದು 2013ರಲ್ಲಿ. ದೇವನಹಳ್ಳಿ ದಾಟಿದ ಮೇಲೆ ಎಡಗಡೆ ನಂದಿ ಬೆಟ್ಟ ಕಾಣುತ್ತದೆ. ಪಾಲಾರ್, ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಇವೆಲ್ಲ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ ಅಂತ ಶಾಲೆಯಲ್ಲಿ ಓದಿದ್ದೆವು. ಆದರೆ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಇಲ್ಲಿನವರಿಗೆ ನೀರು ಅಂದರೆ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದಕ್ಕೂ ಕೆಳಗಿನದಕ್ಕೆ. ಹಿರಿಯರು ಸರಪಣಿ ಥರ ಕಟ್ಟಿಟ್ಟಿದ್ದಾರೆ. ಮಗಳು ಕಿಟಕಿಗೆ ಮುಖ ಒತ್ತಿಕೊಂಡು ನೀರಿರುವ ಕೆರೆಗೆ ಬಲಗೈ ಬೆರಳು, ಇಲ್ಲದ್ದಕ್ಕೆ ಎಡಗೈ ಬೆರಳು ಮಡಚುತ್ತಾ ಕೂತಿದ್ದಳು.

ನಾನು ಅವಳ ವಯಸ್ಸಿನಲ್ಲಿ ಎಣಿಸಿದ್ದರೆ ಎಲ್ಲವೂ ಎಡಗೈಗೇ ಬರುತ್ತಿದ್ದವು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದರೆ ನಮಗೆ ಕೆರೆ ಅಂದರೆ ಮೈದಾನ. ಕೆರೆ ಅಂಗಳದಲ್ಲೇ ಕ್ರಿಕೆಟ್. ತೂಬಿನ ಕಡೆ ಒಂದು ವಿಕೆಟ್, ಕರಿಜಾಲಿ ಮರದ ಕಡೆ ಇನ್ನೊಂದು. ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಚೆಂಡು ಎಲ್ಲಿಗೆ ಪುಟಿಯುತ್ತದೆ ಅಂತ ಹೇಳಲಿಕ್ಕೇ ಆಗುತ್ತಿರಲಿಲ್ಲ. ಬೋರ್‌ವೆಲ್ 1,000 ಅಡಿ ದಾಟಿದರೂ ದೂಳು ಬರುತ್ತಿದ್ದ ಕಾಲ ಅದು. ಕೆರೆಯಲ್ಲಿ ನೀರಿರಬೇಕು ಅನ್ನುವುದೇ ನಮಗೆ ಹೊಳೆದಿರಲಿಲ್ಲ.

2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಒಂದಾದ ಮೇಲೊಂದು ಕೋಡಿ ಹರಿದವು. ಎಷ್ಟೋ ಊರುಗಳಲ್ಲಿ ಒಂದು ತಲೆಮಾರು ಅದನ್ನು ಕಂಡಿರಲಿಲ್ಲ. ಆವತ್ತು ಮಾವ ಫೋನ್ ಮಾಡಿ ಏನೂ ಮಾತಾಡಲಿಲ್ಲ. ಫೋನನ್ನು ಕೋಡಿ ಕಡೆ ಹಿಡಿದು ನೀರಿನ ಸದ್ದು ಕೇಳಿಸಿದರು, ಅಷ್ಟೇ.

ಸಂಜೆ ನಾಲ್ಕಕ್ಕೆ ಊರು ತಲುಪಿದೆವು. ಅತ್ತೆ ಕೊಟ್ಟ ಕಾಫಿ ಕುಡಿದು ಸೀದಾ ಏರಿ ಮೇಲೆ. ಅರ್ಧ ಕಿಲೋಮೀಟರ್ ಉದ್ದದ ಏರಿ, ಎರಡೂ ಬದಿಗೆ ಹೊಂಗೆ, ಅಲ್ಲಲ್ಲಿ ಹುಣಸೆ. ಸಣ್ಣ ಕೆರೆಯೇ. ಆದರೆ ತುಂಬ ನೀರು, ಮಳೆಗಾಲದ ಕೆಂಪು ಇನ್ನೂ ತಿಳಿಯಾಗಿರಲಿಲ್ಲ. ಜಾಲಿ ಮರದ ನೆತ್ತಿ ಮಾತ್ರ ನೀರಿನಿಂದ ಹೊರಗಿತ್ತು, ಅದರ ತುಂಬ ನೀರುಕಾಗೆಗಳು. ಅಲ್ಲಿಂದ ತೂಬಿನ ಕಡೆ ಒಂದು ಗೆರೆ ಎಳೆದರೆ ನಮ್ಮ ಪಿಚ್. ಅದರ ಮೇಲೆ ಈಗ ಎರಡಾಳು ನೀರಿತ್ತು. ನಾನು ಸುಮ್ನೆ ನಿಂತುಬಿಟ್ಟೆ.

ಮಗಳ ಪ್ರಶ್ನೆ ಬೇರೆಯೇ ಇತ್ತು. "ಕೆರೆ ಒಣಗಿತ್ತು ಅಂದ್ರೆ ಮೀನು ಎಲ್ಲಿಂದ ಬಂತು ತಾತ?"

ಮಾವ ನಕ್ಕರು. "ನಾಲ್ಕು ದಿನ ಇರ್ತೀಯಲ್ಲ ಅಮ್ಮಣ್ಣಿ, ಅವನ್ನೇ ಕೇಳು."

ಊರ ಕೆರೆ ಅಂದಮಾತ್ರಕ್ಕೆ ಯಾರು ಬೇಕಾದರೂ ಬಲೆ ಬೀಸುವ ಹಾಗಿಲ್ಲ. ಮೀನಿನ ಹಕ್ಕನ್ನು ಪಂಚಾಯಿತಿಯವರು ಹರಾಜು ಹಾಕುತ್ತಾರೆ. ಗುತ್ತಿಗೆ ಹಿಡಿದವರು ಮರಿ ತಂದು ಬಿಟ್ಟು, ಕಾವಲು ಕಾಯ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಹಿಡಿದು ಮಾರುತ್ತಾರೆ. ಮಾವ ಮೊದಲು ನಮ್ಮನ್ನು ಅವರ ಹತ್ತಿರ ಕರೆದುಕೊಂಡು ಹೋದರು. ಅವರು ಮಗಳನ್ನು ನೋಡಿ, "ಗಾಳ ತಾನೆ, ಹಾಕ್ಕೊಳ್ಳಿ. ಜಿಲೇಬಿ, ಪಕ್ಕೆ, ಗಿರ್ಲು ಏನ್ ಬಿದ್ರೂ ನಿಮ್ದು. ಕಟ್ಲಾ, ರೋಹು ಬಿದ್ರೆ ಮಾತ್ರ ನೀರಿಗೆ ಬಿಟ್ಬಿಡಮ್ಮ, ಅದು ನಾನು ದುಡ್ಡು ಕೊಟ್ಟು ಬಿತ್ತಿರೋದು" ಅಂದರು. ಮಗಳು ತಲೆಯಾಡಿಸಿದಳು. ಯಾವುದೇ ಊರಿಗೆ ಗಾಳ ತೆಗೆದುಕೊಂಡು ಹೋಗುವವರು ಮೊದಲು ಈ ಒಂದು ಮಾತು ಕೇಳಿಕೊಳ್ಳಬೇಕು. ಎರಡು ನಿಮಿಷದ ಕೆಲಸ.

ರಾತ್ರಿ ಊಟ ಆದಮೇಲೆ ಮಾವ ಅಟ್ಟದಿಂದ ಹಳೇ ಹಾರ್ಲಿಕ್ಸ್ ಬಾಟಲಿ ಇಳಿಸಿದರು. ಒಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಗಾಳಗಳು. ಕೆರೆ ಒಣಗಿದ್ದ ಅಷ್ಟೂ ವರ್ಷ ಅವು ಅಲ್ಲೇ ಇದ್ದವಂತೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೆಗೆದು, ಒರೆಸಿ, ಕುಂಕುಮ ಇಟ್ಟು ಮತ್ತೆ ಒಳಗಿಡುತ್ತಿದ್ದರು ಅಂತ ಅತ್ತೆ ಹೇಳಿದರು. ನೀರೇ ಇಲ್ಲದ ಊರಲ್ಲಿ ಗಾಳಕ್ಕೆ ಪೂಜೆ. ನನಗೆ ಗಂಟಲು ಕಟ್ಟಿತು.

ಎರಡನೇ ದಿನ, ಭಾನುವಾರ

ಬೆಳಗಿನ ಜಾವ ಐದಕ್ಕೆ ಎದ್ದೆವು. ತಿಪ್ಪೆಯ ಅಂಚಿನ ತೇವದ ಮಣ್ಣು ಕೆದಕಿ ಎರೆಹುಳ ಆರಿಸಿ ಡಬ್ಬಿಗೆ ಹಾಕಿಕೊಂಡೆವು. ಪಕ್ಕದ ಮನೆಯವರು ರೇಷ್ಮೆ ನೂಲು ತೆಗೆಯುವವರು. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ ಒಂದು ಹಿಡಿ ಕೊಟ್ಟರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹೆಸರಾದದ್ದು, ಇಲ್ಲಿ ಈ ಹುಳಕ್ಕೆ ಬರ ಇಲ್ಲ. ಅದರ ವಾಸನೆ ಹೊಸಬರಿಗೆ ಕಷ್ಟ. ಮೀನಿಗೆ ಅದೇ ಇಷ್ಟ.

ಮಾವ ಕಟ್ಟಿಕೊಟ್ಟ ಗಾಳದ ಕಡ್ಡಿ ಹೇಗಿತ್ತು ಅಂತ ಹೇಳಬೇಕು. ಬೇಲಿಯ ಬಿದಿರು, ಎರಡಾಳುದ್ದ, ಬೆಂಕಿ ಮೇಲೆ ಕಾಯಿಸಿ ನೇರ ಮಾಡಿದ್ದು. ತುದಿಗೆ ತಂಗೂಸಿ ದಾರ, ಕಡ್ಡಿಯಷ್ಟೇ ಉದ್ದ, ಅದಕ್ಕಿಂತ ಜಾಸ್ತಿ ಬೇಡ. ಗಾಳದಿಂದ ನಾಲ್ಕು ಬೆರಳು ಮೇಲೆ ಮೆಣಸಿನ ಕಾಳಿನಷ್ಟು ಸೀಸ. ಬೆಂಡಿಗೆ ನವಿಲುಗರಿಯ ದಂಟು. ಹೊಲದಲ್ಲಿ ಉದುರಿದ ಗರಿಯನ್ನು ಹೆಕ್ಕಿ ತಂದು, ಎಳೆಗಳನ್ನೆಲ್ಲ ಕಿತ್ತು, ಒಂದು ಗೇಣು ಕತ್ತರಿಸಿಕೊಂಡಿದ್ದರು. ಒಳಗೆ ಬಿಳೀ ಬೆಂಡು ತುಂಬಿರುವುದರಿಂದ ಅದು ಮುಳುಗುವುದಿಲ್ಲ. ಸಣ್ಣ ಮೀನು ಮೂಸಿದರೂ ತುದಿ ನಡುಗುತ್ತದೆ. ಮೇಲಿನ ಎರಡು ಬೆರಳಿಗೆ ಅತ್ತೆಯ ಕೆಂಪು ನೇಲ್‌ಪಾಲಿಶ್ ಬಳಿದಿದ್ದರು, ಮಂಜಿನಲ್ಲೂ ಕಾಣಲಿ ಅಂತ.

ತೂಬಿನ ಪಕ್ಕದ ಮೆಟ್ಟಿಲಲ್ಲಿ ಕೂತೆವು. ನೀರಿನ ಮೇಲೆ ಹೊಗೆಯಂಥ ಮಂಜು. ತೂಬಿನ ಕಲ್ಲುಕಂಬದ ತುದಿಯಲ್ಲಿ ಒಂದು ಮಿಂಚುಳ್ಳಿ. ಮಾವ ಮೂರು ಮಾತು ಹೇಳಿದರು. ನೆರಳು ನೀರಿಗೆ ಬೀಳಬಾರದು. ಕಾಲು ನೆಲಕ್ಕೆ ಬಡಿಯಬಾರದು. ಬೆಂಡು ಬಿಟ್ಟು ಬೇರೆ ಕಡೆ ಕಣ್ಣು ಹೋಗಬಾರದು. ಆಮೇಲೆ ಒಂದು ಗಂಟೆ ಅವರು ಬಾಯಿ ಬಿಡಲಿಲ್ಲ.

ಆ ಒಂದು ಗಂಟೆಯಲ್ಲಿ ಬೆಂಡಿನ ಭಾಷೆ ಸ್ವಲ್ಪ ಸ್ವಲ್ಪ ಗೊತ್ತಾಗತೊಡಗಿತು. ಟುಕು ಟುಕು ಅಂತ ಕುಣಿದರೆ ಪಕ್ಕೆ ಮರಿಗಳು, ಹುಳವನ್ನು ಚೂರು ಚೂರಾಗಿ ಕಿತ್ತು ತಿನ್ನುತ್ತಿರುತ್ತವೆ, ಎಳೆದರೆ ಬರಿಗಾಳ ಬರುತ್ತದೆ. ಬೆಂಡು ಓರೆಯಾಗಿ ಪಕ್ಕಕ್ಕೆ ಜಾರಿದರೆ ಜಿಲೇಬಿ. ನಿಂತ ಬೆಂಡು ಮೇಲೆದ್ದು ಅಂಗಾತ ಮಲಗಿದರೆ ತಳದಲ್ಲಿ ಗೆಂಡೆ ಹುಳ ಎತ್ತಿದೆ ಅಂತ ಅರ್ಥ. ಏಕೆಂದರೆ ಸೀಸದ ಭಾರವನ್ನೂ ಅದು ಎತ್ತಿರುತ್ತದೆ. ಮಾವ ಇದನ್ನು ಕಣ್ಸನ್ನೆಯಲ್ಲೇ ತೋರಿಸುತ್ತಿದ್ದರು. ಅವಸರ ಮಾಡಿದಾಗಲೆಲ್ಲ ನಾನು ಕಳೆದುಕೊಂಡೆ. ಮಗಳು ಕಾಯ್ದಳು.

ಆರೂವರೆ ಇರಬೇಕು, ಅವಳ ಬೆಂಡು ಓರೆಯಾಗಿ ಸರಿಯಿತು. ಮಾವ ಹುಬ್ಬು ಹಾರಿಸಿದರು. ಎತ್ತಿದಳು. ಅಂಗೈ ಅಗಲದ ಜಿಲೇಬಿ ಗಾಳಿಯಲ್ಲಿ ಪಟಪಟ ಒದ್ದಾಡುತ್ತಾ ಬಂತು. ಬೂದು ಮೈ, ಅಡ್ಡಡ್ಡ ಮಸುಕು ಪಟ್ಟೆ, ಬೆನ್ನ ಮೇಲೆ ಮುಳ್ಳಿನ ಸಾಲು. ಮಾವ ತಲೆಯ ಕಡೆಯಿಂದ ಬಾಲದ ಕಡೆಗೆ ಅಂಗೈ ಸವರಿ ಮುಳ್ಳು ಮಲಗಿಸಿ ಹಿಡಿಯುವುದನ್ನು ತೋರಿಸಿದರು. ಮಗಳು ಹಾಗೇ ಹಿಡಿದಳು. ಅದರ ಕಿವಿರು ತೆರೆದು ಮುಚ್ಚುವುದು ಅವಳ ಬೆರಳಿಗೆ ತಾಕುತ್ತಿತ್ತು. "ಉಸಿರಾಡ್ತಿದೆ ಅಪ್ಪ" ಅಂದಳು, ಪಿಸುಮಾತಲ್ಲಿ. ಆಮೇಲೆ ತಾನೇ ನೀರು ತುಂಬಿದ ಬಕೆಟ್ಟಿಗೆ ಬಿಟ್ಟಳು.

ಜಿಲೇಬಿ ನಮ್ಮ ಊರಿನದಲ್ಲ, ಆಫ್ರಿಕಾದ್ದು. ನಮ್ಮ ದೇಶಕ್ಕೆ ತಂದಿದ್ದು 1952ರಲ್ಲಿ. ಗಂಡು ತಳದ ಮಣ್ಣಿನಲ್ಲಿ ಗುಂಡಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ಆಮೇಲೆ ಅಷ್ಟನ್ನೂ ಬಾಯೊಳಗೆ ಇಟ್ಟುಕೊಂಡು ಮರಿ ಮಾಡುತ್ತದೆ. ಅಷ್ಟು ಜೋಪಾನ ಮಾಡಿದ ಮೇಲೆ ಮರಿ ಸಾಯುವುದೆಲ್ಲಿ, ಕೆರೆ ತುಂಬ ಅವೇ. ಮಾವ ಹುಡುಗರಾಗಿದ್ದಾಗ ಒಂದು ಬೊಗಸೆ ನೀರೆತ್ತಿದರೆ ನಾಲ್ಕು ಥರದ ಸಣ್ಣ ಮೀನು ಸಿಗುತ್ತಿದ್ದವಂತೆ. ಈಗ ಅವು ಕಮ್ಮಿ. "ಅದಕ್ಕೇ ಜಿಲೇಬಿ ಎಷ್ಟು ಬೇಕಾದ್ರೂ ಹಿಡಿ, ಪಕ್ಕೆ ಬಿದ್ರೆ ಬಿಟ್ಬಿಡು" ಅನ್ನುವುದು ಅವರ ಲೆಕ್ಕ. ಗುತ್ತಿಗೆದಾರರು ಹಾಕಿದ್ದು ಒಂದು ಕಟ್ಟಳೆ, ಇದು ಮಾವನದೇ ಇನ್ನೊಂದು.

ಎಂಟು ಗಂಟೆಗೆ ಏಳು ಜಿಲೇಬಿ ಆಗಿದ್ದವು. ಆಗ ನನ್ನ ಗಾಳಕ್ಕೆ ಕಂದು ಬಣ್ಣದ, ಮೀಸೆ ಇರುವ, ಗೇಣುದ್ದದ ಮೀನು ಬಿತ್ತು. ಗಿರ್ಲು ಅಂದುಕೊಂಡು ಕೈ ಹಾಕಿದೆ. ಅದು ಚೇಳುಮೀನು. ಕಿವಿರಿನ ಪಕ್ಕದ ಮುಳ್ಳು ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಚೇಳು ಕುಟುಕಿದಷ್ಟೇ ಉರಿ, ಮೊಣಕೈವರೆಗೆ ಏರಿತು. ಆ ಮುಳ್ಳಿನಲ್ಲಿ ನಂಜಿದೆ. ಮಾವ ತಕ್ಷಣ ಮನೆಗೆ ಕರೆದುಕೊಂಡು ಹೋದರು. ಅತ್ತೆ ಚರ್ಮ ತಡೆಯುವಷ್ಟು ಬಿಸಿಯ ನೀರಲ್ಲಿ ಕೈ ಅದ್ದಿಸಿ ಕೂರಿಸಿದರು, ಆರಿದ ಹಾಗೆ ಬಿಸಿನೀರು ಸೇರಿಸುತ್ತಾ. ಶಾಖಕ್ಕೆ ಆ ನಂಜು ಇಳಿಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಉರಿ ಅರ್ಧಕ್ಕೆ ಬಂತು. ಆಮೇಲೆ ಶಿಡ್ಲಘಟ್ಟಕ್ಕೆ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಮೀಸೆಯ ಮೀನು ಯಾವುದೇ ಬೀಳಲಿ, ಒದ್ದೆ ಬಟ್ಟೆ ಇಲ್ಲದೆ ಮುಟ್ಟಬೇಡಿ.

ಮಧ್ಯಾಹ್ನ ಮೀನು ಸಾರು. ಅತ್ತೆ ಮೀನನ್ನು ಬೂದಿ, ಕಲ್ಲುಪ್ಪು ಹಾಕಿ ಒರಟು ಕಲ್ಲಿನ ಮೇಲೆ ಉಜ್ಜಿದರು, ಬೆಳ್ಳಗಾಗುವ ತನಕ. ಹುರಿದ ದನಿಯ, ಒಂದು ಚಿಟಿಕೆ ಮೆಂತ್ಯ, ಬೆಳ್ಳುಳ್ಳಿ, ಈರುಳ್ಳಿ, ಟೊಮೇಟೊ ರುಬ್ಬಿ, ಹೊಸ ಹುಣಸೆಹಣ್ಣಿನ ರಸ ಬಿಟ್ಟು ಮಡಕೆಯಲ್ಲಿ ಕುದಿಸಿದರು. ಮೀನು ಹಾಕಿದ ಮೇಲೆ ಸೌಟು ಮುಟ್ಟಿಸಲಿಲ್ಲ. ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಮಡಕೆಯನ್ನೇ ತಿರುಗಿಸಿದರು. ಬಿಸಿ ಮುದ್ದೆ ಜೊತೆ ಉಂಡೆವು. ಅರ್ಧ ಸಾರು ಎತ್ತಿಟ್ಟರು, ಮೀನು ಸಾರಿನ ರುಚಿ ಮಾರನೇ ದಿನಕ್ಕೇ ಅಲ್ವಾ.

ಸಂಜೆ ಕಂಡದ್ದು ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು. ಕೋಡಿ ಹತ್ತಿರ ಜೊಂಡು ಬೆಳೆದ ಮೂಲೆ. ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಒಂದು ತಟ್ಟೆಯಗಲ ಕೆಂಪು. ಹತ್ತಿರ ಹೋದರೆ ಅದು ಚಲಿಸುತ್ತಿದೆ. ನೂರಾರು ಮರಿಗಳು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಬೆಂಕಿಯ ಬಣ್ಣ. ಮೇಲೆ ಬರುತ್ತವೆ, ಒಂದು ಗುಟುಕು ಗಾಳಿ ಕುಡಿಯುತ್ತವೆ, ಕೆಳಗಿಳಿಯುತ್ತವೆ. ನೀರು ಸಣ್ಣಗೆ ಕುದಿಯುವ ಹಾಗೆ ಕಾಣುತ್ತದೆ. ಅದರ ಅಡಿಯಲ್ಲೇ ಕಪ್ಪು ಕೊರಡಿನ ಹಾಗೆ ಒಂದು ನೆರಳು ನಿಂತಿತ್ತು.

"ಕೊರಮೀನು" ಅಂದರು ಮಾವ, ದನಿ ತಗ್ಗಿಸಿ. "ಮರಿ ಕಾಯ್ತಾ ಐತೆ."

ಕೊರಮೀನಿಗೆ ಕಿವಿರಷ್ಟೇ ಸಾಲದು, ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೇ ಕೆಸರಿನಲ್ಲೂ ಬದುಕಿಕೊಳ್ಳುತ್ತದೆ. ಕೆರೆಗಳು ಬತ್ತಿದ ವರ್ಷಗಳಲ್ಲಿ ತೋಟದ ಹೊಂಡ, ಕಲ್ಯಾಣಿಯ ತಳ ಅಂತ ಎಲ್ಲೆಲ್ಲೋ ಹಸಿ ಹಿಡಿದುಕೊಂಡು ಉಳಿದವು ಇವೇ ಇರಬೇಕು ಅನ್ನುತ್ತಾರೆ ಮಾವ. ಮೇಲಿನ ಕೆರೆ ಕೋಡಿ ಹರಿದಾಗ ನೀರಿನ ಜೊತೆ ಇಳಿದು ಬಂದವಂತೆ. ಮಗಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು.

ಅಷ್ಟರಲ್ಲಿ ಊರ ಹುಡುಗನೊಬ್ಬ ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿಕೊಂಡು ಬಂದ. ಮರಿ ಕಾಯುವ ಕೊರಮೀನು ಹತ್ತಿರ ಬಂದ ಯಾವುದಕ್ಕಾದರೂ ಬಾಯಿ ಹಾಕುತ್ತದೆ, ಹಸಿವಿಗಲ್ಲ, ಓಡಿಸಲಿಕ್ಕೆ. ಹಾಗಾಗಿ ಈಗ ಹಿಡಿಯುವುದು ಸುಲಭ. ಮಾವ ಎದ್ದು ನಿಂತರು. ಬೈಯಲಿಲ್ಲ. "ಇವತ್ತು ಇದನ್ನ ಎತ್ತಿದ್ರೆ ರಾತ್ರಿಗೆ ಈ ಮರಿ ಅಷ್ಟೂ ಜಿಲೇಬಿ ಬಾಯಿಗೆ. ಒಂದು ತಿಂಗ್ಳು ಬಿಟ್ಟು ಬಾ ಮಗಾ, ನಾನೇ ನಿನ್ ಜೊತೆ ಕೂತ್ಕೊತೀನಿ" ಅಂದರು. ಹುಡುಗ ಸ್ವಲ್ಪ ಹೊತ್ತು ನೀರನ್ನೇ ನೋಡಿದ. ಆಮೇಲೆ ಕಪ್ಪೆಯನ್ನು ಗಾಳದಿಂದ ಬಿಡಿಸಿ ಹುಲ್ಲಿಗೆ ಬಿಟ್ಟ. ಅವನೂ ನಮ್ಮ ಪಕ್ಕ ಕೂತು ಮರಿ ನೋಡಿದ, ಕತ್ತಲಾಗುವ ತನಕ.

ಮೂರನೇ ದಿನ, ಸೋಮವಾರ

ಕೈ ಇನ್ನೂ ಊದಿತ್ತು. ಗಾಳಕ್ಕೆ ರಜೆ ಕೊಟ್ಟು ಮಗಳ ಜೊತೆ ಗುಡಿಬಂಡೆಗೆ ಹೊರಟೆ. ಬಸ್ಸಲ್ಲಿ ಚಿಕ್ಕಬಳ್ಳಾಪುರ, ಅಲ್ಲಿಂದ ಪೇರೇಸಂದ್ರ, ಅಲ್ಲಿಂದ ಗುಡಿಬಂಡೆ.

ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿತ್ತು. ಅದಕ್ಕೆ ಬರುವುದು ಬರೀ ಮಳೆನೀರಲ್ಲ, ಹೆಬ್ಬಾಳ-ನಾಗವಾರ ಕಣಿವೆಯಿಂದ ಪಂಪ್ ಮಾಡುವ ಬೆಂಗಳೂರಿನ ಸಂಸ್ಕರಿಸಿದ ನೀರೂ ಬರುತ್ತದೆ. ಕೋಲಾರದ ಕಡೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಬರುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಇಲ್ಲಿನ ಜನ ಹೋರಾಡುತ್ತಲೇ ಇದ್ದಾರೆ. ಬೋರ್‌ವೆಲ್‌ಗೆ ಜೀವ ಬಂದಿದ್ದನ್ನು ಕಂಡ ರೈತರೂ ಇದ್ದಾರೆ, ಆ ನೀರಿನ ಬಣ್ಣ ಕಂಡು ಹಿಂದೆ ಸರಿದವರೂ ಇದ್ದಾರೆ. ನನ್ನ ಮಟ್ಟಿಗೆ ಮಾತು ಇಷ್ಟೇ: ಕೆರೆ ತುಂಬಲಿ, ಆದರೆ ಮಗು ಹಿಡಿದ ಮೀನನ್ನು ಹೆದರದೆ ಸಾರು ಮಾಡುವಂಥ ನೀರೇ ತುಂಬಲಿ. ನಮ್ಮೂರ ಕೆರೆಗೆ ಈವರೆಗೆ ಮಳೆನೀರೊಂದೇ. ಮಾವ ಗಾಳ ಹಾಕುವುದೂ ಅಲ್ಲಿ ಮಾತ್ರ.

ಗುಡಿಬಂಡೆಯ ಕೋಟೆ ಪಾಳೇಗಾರ ಬೈರೇಗೌಡ ಕಟ್ಟಿಸಿದ್ದು. ಹತ್ತುವಾಗ ಬಂಡೆಯಲ್ಲೇ ಮಳೆನೀರು ನಿಲ್ಲುವ ಹೊಂಡಗಳು ಒಂದರ ಮೇಲೊಂದು ಸಿಗುತ್ತವೆ. ಊರಲ್ಲಿ ಕೆರೆಗಳ ಸರಪಣಿ ಇದ್ದ ಹಾಗೆ ಬೆಟ್ಟದ ಮೇಲೆ ಹೊಂಡಗಳದ್ದು. ತುದಿ ತಲುಪಿ ತಿರುಗಿದರೆ ಕೆಳಗೆ ಅಮಾನಿ ಭೈರಸಾಗರ. ಮೇಲಿನಿಂದ ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಗಳು ಮೊದಲು ಹುಡುಕಿದ್ದು ಕನ್ಯಾಕುಮಾರಿ.

ಇಳಿದು ಏರಿ ಕಡೆ ಹೋದಾಗ ಮೀನುಗಾರರು ಹರಿಗೋಲಿನಿಂದ ಬಲೆ ಇಳಿಸುತ್ತಿದ್ದರು. ಈ ಕಡೆ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಮಗಳ ಟೋಪಿ, ಚೀಲ ನೋಡಿ ಒಬ್ಬ ಹಿರಿಯರು "ಏಮೈನಾ ಪಡಿಂದಾ?" ಅಂದರು, ಏನಾದ್ರೂ ಬಿತ್ತಾ ಅಂತ. ನಿನ್ನೆಯ ಏಳು ಜಿಲೇಬಿ ಲೆಕ್ಕ ಹೇಳಿದಳು. ಅವರಿಗೆ ಖುಷಿಯಾಯಿತು. ಬಲೆಯಿಂದ ಮೂರು ಮೀನು ತೆಗೆದು ಸಾಲಾಗಿ ಇಟ್ಟರು. ದೊಡ್ಡ ತಲೆ, ಬಾಯಿ ಮೇಲ್ಮುಖ, ಅದು ಕಟ್ಲಾ, ಮೇಲ್ನೀರಿನಲ್ಲಿ ಮೇಯುತ್ತದೆ. ಕೆಂಪು ಛಾಯೆಯದು ರೋಹು, ನಡುನೀರು. ಬಾಯಿ ಕೆಳಕ್ಕೆ ಇರುವುದು ಮೃಗಾಲ್, ತಳ. ಮೂರಕ್ಕೂ ಮೇವಿಗೆ ಜಗಳ ಇಲ್ಲ, ಅದಕ್ಕೇ ಮೂರನ್ನೂ ಒಂದೇ ಕೆರೆಗೆ ಬಿಡುವುದು. ಯಾವ ಮೀನು ಎಲ್ಲಿ ತಿನ್ನುತ್ತದೆ ಅಂತ ಅದರ ಬಾಯಿಯೇ ಹೇಳುತ್ತದಲ್ಲ. ಮಗಳು ಮೂರರ ಬಾಯಿಯನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ಇವು ಕೆರೆಯಲ್ಲಿ ಮರಿ ಮಾಡಲ್ಲ ಪಾಪಾ. ವರ್ಷಾ ವರ್ಷಾ ತಂದು ಬಿಡ್ಬೇಕು" ಅಂದರು ಅವರು. ಯಾಕೆ ಅಂತ ಅವಳು ನನ್ನ ಮುಖ ನೋಡಿದಳು. ಇವು ಹೊಳೆಯ ಮೀನುಗಳು. ಮಳೆಗಾಲದ ಪ್ರವಾಹ ಬಂದರೇನೇ ಮೊಟ್ಟೆ ಇಡುತ್ತವೆ, ನಿಂತ ನೀರಲ್ಲಿ ಇಡುವುದಿಲ್ಲ. ಹಾಗಾಗಿ ಹಿಂದೆ ಹೊಳೆಯಿಂದಲೇ ಮರಿ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ, ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಇಂಜೆಕ್ಷನ್ ಕೊಟ್ಟು ಕೊಳದಲ್ಲೇ ಮೊಟ್ಟೆ ಇಡಿಸಿದರು. ಜುಲೈ 10 ಈಗ ಮೀನು ಕೃಷಿಕರ ದಿನ. ನಮ್ಮ ಬಯಲುಸೀಮೆಯ ಕೆರೆಗೆ ಕಟ್ಲಾ ಬಂದದ್ದು ಆ ದಾರಿಯಿಂದ, ಆಮ್ಲಜನಕ ತುಂಬಿದ ಪಾಲಿಥೀನ್ ಚೀಲದಲ್ಲಿ, ಲಾರಿ ಹತ್ತಿ. ಉಳಿದರ್ಧ ಉತ್ತರವೂ ಸಿಕ್ಕಂತಾಯಿತು. ಅವಳು ಇಂಜೆಕ್ಷನ್ ಮೀನಿನ ಯಾವ ಜಾಗಕ್ಕೆ ಚುಚ್ಚುತ್ತಾರೆ ಅಂತ ಬಸ್ಸಿನುದ್ದಕ್ಕೂ ಕೇಳಿದಳು.

ರಾತ್ರಿ ಹತ್ತಕ್ಕೆ ಗುಡುಗು. ಆಮೇಲೆ ಮಳೆ, ಬೆಳಗಿನ ಜಾವದ ತನಕ.

ನಾಲ್ಕನೇ ದಿನ, ಮಂಗಳವಾರ

ಹನ್ನೊಂದಕ್ಕೆ ಹೊರಡಬೇಕಿತ್ತು. ಆರಕ್ಕೇ ತೂಬಿನ ಹತ್ತಿರ ಕೂತೆವು. ಮಳೆಯ ಹೊಸ ನೀರು ಬಂದು ಕೆರೆ ಮತ್ತೆ ಕೆಂಪಾಗಿತ್ತು. ಇಂಥ ನೀರಲ್ಲಿ ಮೀನಿಗೆ ಕಣ್ಣು ಕಾಣದು, ವಾಸನೆಯೇ ದಾರಿ. ಮಾವ ಎರೆಹುಳ ಬಿಟ್ಟು ರೇಷ್ಮೆ ಹುಳ ಸಿಕ್ಕಿಸಿದರು.

ಒಂದೂವರೆ ಗಂಟೆ ಏನೂ ಇಲ್ಲ. ಆಮೇಲೆ ಮಗಳ ಬೆಂಡು ಕುಣಿಯಲಿಲ್ಲ, ಓರೆಯಾಗಲಿಲ್ಲ, ಹಾಗೇ ಮಾಯವಾಯಿತು. ಬಿದಿರು ಬಿಲ್ಲಿನ ಹಾಗೆ ಬಗ್ಗಿತು. ಮಾವ ಹಿಂದಿನಿಂದ ಅವಳ ಮೊಣಕೈ ಮಾತ್ರ ಹಿಡಿದುಕೊಂಡರು, ಕಡ್ಡಿ ಮುಟ್ಟಲಿಲ್ಲ. "ಎಳೀಬೇಡ, ಅದು ಓಡಿದ ಕಡೆ ನೀನೂ ಬಗ್ಗು." ಅವಳು ಮೆಟ್ಟಿಲ ಮೇಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೊನೆಗೆ ಮೀನು ಪಕ್ಕಕ್ಕೆ ವಾಲಿ ಬೆಳ್ಳಗೆ ಹೊಳೆಯಿತು. ದೊಡ್ಡ ತಲೆ, ಮೇಲ್ಮುಖದ ಬಾಯಿ.

"ಕಟ್ಲಾ" ಅಂದಳು ಅವಳೇ. ದನಿ ಸಣ್ಣದಾಯಿತು.

ಯಾರೂ ಏನೂ ಹೇಳಲಿಲ್ಲ. ಗುತ್ತಿಗೆದಾರರು ಅಲ್ಲೆಲ್ಲೂ ಇರಲಿಲ್ಲ. ಮಾವ ನೀರಲ್ಲೇ ಗೇಣು ಹಾಕಿ ಅಳೆದರು, ಎರಡು ಗೇಣಿಗೆ ನಾಲ್ಕು ಬೆರಳು ಕಮ್ಮಿ. ಅವಳು ಅದನ್ನು ಒಂದು ಸಲ ಬೆನ್ನು ಸವರಿದಳು. ಮಾವ ಗಾಳ ಬಿಡಿಸಿದರು. ಸುಸ್ತಾದ ಮೀನನ್ನು ಎಸೆಯಬಾರದು, ನೀರಿನೊಳಗೇ ನೆಟ್ಟಗೆ ಹಿಡಿದುಕೊಂಡು ಕಾಯಬೇಕು. ಅವಳ ಎರಡೂ ಅಂಗೈ ಮೇಲೆ ಅದು ಸ್ವಲ್ಪ ಹೊತ್ತು ನಿಂತಿತು, ಕಿವಿರಾಡಿಸುತ್ತಾ. ಆಮೇಲೆ ಬಾಲ ಒಂದೇ ಸಲ ಬೀಸಿ ಹೋಯಿತು. ಅವಳ ಮುಖಕ್ಕೆಲ್ಲ ನೀರು. ಒರೆಸಿಕೊಳ್ಳಲಿಲ್ಲ.

ಹೊರಡುವ ಮುಂಚೆ ಕೋಡಿ ಮೂಲೆಗೆ ಹೋದೆವು. ಹೊಸ ನೀರಿಗೆ ಕೊರಮೀನಿನ ಮರಿಗಳು ಎಲ್ಲಿ ಕೊಚ್ಚಿಹೋದವೋ ಅಂತ ನನಗೆ ಭಯ ಇತ್ತು. ಜೊಂಡಿನ ಹಿಂದೆ, ದಡದ ಹುಲ್ಲು ಮುಳುಗಿದ ಕಡೆ ಆ ಕೆಂಪು ತಟ್ಟೆ ಕಂಡಿತು. ಭಾನುವಾರದ ಹುಡುಗ ನಮಗಿಂತ ಮೊದಲೇ ಬಂದು ಕೂತಿದ್ದ. "ರಾತ್ರಿನೇ ಈ ಕಡೆ ಕರ್ಕೊಂಡ್ ಬಂದ್ಬಿಟ್ಟೈತೆ" ಅಂದ.

ಮಗಳು ಮಾವ ಹೇಳಿಕೊಟ್ಟ ಹಾಗೆ ತಂಗೂಸಿಯನ್ನು ಕಡ್ಡಿಗೆ ಸುತ್ತಿ, ಗಾಳದ ಮೊನೆಯನ್ನು ಬೆಂಡಿಗೆ ಚುಚ್ಚಿ ಅಟ್ಟಕ್ಕೆ ಏರಿಸಿದಳು. ಬೇಸಿಗೆಗೂ ಬರ್ತೀನಿ ಅಂದಳು. ಆಗ ನೀರು ಇರುತ್ತಾ ಅಂತ ಕೇಳಿದಳು.

ಮಾವ ಅವಳನ್ನು ಮತ್ತೆ ಏರಿ ಮೇಲೆ ಕರೆದುಕೊಂಡು ಹೋಗಿ ತೂಬು ತೋರಿಸಿದರು. ಎರಡು ಕಲ್ಲುಕಂಬ, ಅವುಗಳ ನಡುವೆ ಒಂದರ ಮೇಲೊಂದು ಮೂರು ಅಡ್ಡಗಲ್ಲು. ದೀಪಾವಳಿ ಹೊತ್ತಿಗೆ ನಡುವಿನ ಕಲ್ಲು ಮುಳುಗಿದ್ದರೆ ಶಿವರಾತ್ರಿ ತನಕ ನೀರು. ಮೇಲಿನ ಕಲ್ಲು ಮುಳುಗಿದರೆ ಯುಗಾದಿ ದಾಟಿ, ಮುಂದಿನ ಮಳೆ ಬೀಳುವ ತನಕವೂ ನೀರು. ಅವರಪ್ಪ ಹೇಳಿಕೊಟ್ಟ ಲೆಕ್ಕವಂತೆ. ನಾವು ಬಂದ ದಿನ ಮೇಲಿನ ಕಲ್ಲಿಗೂ ನೀರಿಗೂ ಒಂದು ಗೇಣು ಇತ್ತು. ಈಗ ನಾಲ್ಕು ಬೆರಳು.

ಹೋದ ವಾರ ಮಾವ ಒಂದು ಫೋಟೊ ಕಳಿಸಿದರು, ಮಾತಿಲ್ಲ, ಬರೀ ಫೋಟೊ. ಮಗಳು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. ನೀರಿನ ಮೇಲೆ ಕಂಬಗಳ ತಲೆ ಎರಡೇ ಇದ್ದವು, ಒಂದರ ಮೇಲೆ ಮಿಂಚುಳ್ಳಿ. ಅಡ್ಡಗಲ್ಲು ಕಾಣಲಿಲ್ಲ.